ರ‍್ಯಾಂಪ್‌ಗೆ ಇಳಿದ ಮೇಲೂ ಕಾಂಬೊ ಉಳಿಸಿಕೊಳ್ಳಲು

ಪ್ಲೇಸ್ಟೇಷನ್ 2ರಲ್ಲಿ ಟೋನಿ ಹಾಕ್ಸ್ ಪ್ರೊ ಸ್ಕೇಟರ್ 3 ಎಂಬ ಸ್ಕೇಟ್‌ಬೋರ್ಡ್ ಆಟ ಆಡುವವರು, ರ‍್ಯಾಂಪ್‌ನಿಂದ ಹಾರಿ ಮರಳಿ ಇಳಿಯುವಾಗ ಚಕ್ರ ತಾಗಿದ ಕ್ಷಣವೇ ಆರ್2 ಗುಂಡಿ ಒತ್ತಿ, ಕೂಡಲೇ ಮೇಲೆ-ಕೆಳಗೆ ತಟ್ಟಿ. ರಿವರ್ಟ್‌ನಿಂದ (ಇಳಿದ ಕೂಡಲೇ ಹಲಗೆ ತಿರುಗಿಸುವುದು) ನೇರ ಮ್ಯಾನ್ಯುವಲ್‌ಗೆ (ಎರಡೇ ಚಕ್ರಗಳ ಮೇಲೆ ಸಮತೋಲದಲ್ಲಿ ಸಾಗುವುದು) ಹೋಗುವುದರಿಂದ ಕಾಂಬೊ, ಅಂದರೆ ಕಸರತ್ತುಗಳ ಸರಣಿ, ಕಡಿಯುವುದಿಲ್ಲ, ಅಂಕ ಹೆಚ್ಚಿಸುವ ಗುಣಕ ಏರುತ್ತಲೇ ಇರುತ್ತದೆ. ಅರೆಗಳಿಗೆ ತಡವಾದರೂ ಅಂಕ ಅಲ್ಲಿಗೇ ಜಮೆಯಾಗಿ ಹೊಸ ಲೆಕ್ಕ ಶುರು. ಒಂದೇ ಕಸರತ್ತನ್ನು ಪದೇ ಪದೇ ತೋರಿಸಿದರೆ ಆಟವೂ ಬೇಸತ್ತು ಅಂಕ ಕಡಿತ ಮಾಡುತ್ತದೆ. 2020ರ 1+2 ಮರುಆವೃತ್ತಿಯಲ್ಲೂ ಇದು ನಡೆಯುತ್ತದೆ. ಎಕ್ಸ್‌ಬಾಕ್ಸ್‌ನವರಿಗೆ ಆರ್‌ಟಿ, ಸ್ವಿಚ್‌ನವರಿಗೆ ಝಡ್‌ಆರ್. 2000ದ ಮೂಲ ಎರಡನೇ ಆಟದಲ್ಲಿ ಮಾತ್ರ ಬೆರಳು ಸವೆಸಬೇಡಿ: ಅಲ್ಲಿ ಮ್ಯಾನ್ಯುವಲ್ ಇದೆ, ರಿವರ್ಟ್ ಇಲ್ಲ. 1999ರ ಮೊದಲನೆಯದರಲ್ಲಿ ಎರಡೂ ಇಲ್ಲ.