ಆಲೆಮನೆ ಎಂಜಿನ್ನಿಗೆ ಟೈಮಿಂಗ್ ಗೇರ್ ಕೂರಿಸಿದ್ದು

ಮಂಡ್ಯದಲ್ಲಿ ನನ್ನದು ಡೀಸೆಲ್ ಎಂಜಿನ್ ರಿಪೇರಿಯ ಸಣ್ಣ ಅಂಗಡಿ. ಕಬ್ಬು ಅರೆಯುವ ದಿನಗಳಲ್ಲಿ ಆಲೆಮನೆಗಳ ಎಂಜಿನ್‌ಗಳೇ ಹೆಚ್ಚು ಬರುತ್ತವೆ. ಹಾಗೆ ಬಂದ ಒಂಟಿ ಸಿಲಿಂಡರಿನ ಎಂಜಿನ್ನೊಂದರಲ್ಲಿ ಟೈಮಿಂಗ್ ಗೇರುಗಳಲ್ಲೊಂದಾದ, ಕ್ರ್ಯಾಂಕ್ ಶಾಫ್ಟಿನ ಮೇಲೆ ಕೂರುವ ಕ್ರ್ಯಾಂಕ್ ಗೇರಿನ ಎರಡು ಹಲ್ಲು ಮುರಿದಿದ್ದವು. ಹಳೆಯದನ್ನು ಪುಲ್ಲರ್ ಹಾಕಿ ಎಳೆದೆ. ಕಷ್ಟವೆಲ್ಲ ಹೊಸದನ್ನು ಕೂರಿಸುವುದರಲ್ಲಿತ್ತು.

ಅಳೆದು ನೋಡಿದಾಗ ಶಾಫ್ಟ್ 40.04 ಮಿ.ಮೀ., ಗೇರಿನ ತೂತು 40.00 ಮಿ.ಮೀ. ಇದ್ದವು. ಗೇರನ್ನು ಹಿಡಿದಿಡುವುದು ಈ 0.04ರ ಬಿಗಿಯೇ, ಶಾಫ್ಟ್ ಮತ್ತು ಗೇರಿನ ತೋಡುಗಳಲ್ಲಿ ಕೂರುವ ಉಕ್ಕಿನ ಸಣ್ಣ ತುಂಡು, ಅಂದರೆ ಕೀ, ಇರುವುದು ಮುಖ್ಯವಾಗಿ ಗೇರ್ ಕೂರಬೇಕಾದ ಜಾಗ ತಪ್ಪದಿರಲೆಂದು. ಕೆಲಸ ಕಲಿಯುವಾಗ ನಾನೂ ಸುತ್ತಿಗೆಯಿಂದ ಬಡಿದು ಕೂರಿಸಿದವನೇ, ಆದರೆ ಆ ಪೆಟ್ಟಿಗೆ ಹಲ್ಲಿನ ಅಂಚು ಚಕ್ಕೆ ಏಳುತ್ತದೆ, ಶಾಫ್ಟ್ ಗೀರಿಹೋಗುತ್ತದೆ. ಉಕ್ಕು 100 ಡಿಗ್ರಿ ಬಿಸಿಗೆ ಮೀಟರಿಗೆ ಸುಮಾರು 1.2 ಮಿ.ಮೀ. ಹಿಗ್ಗುವುದರಿಂದ, 30 ಡಿಗ್ರಿಯಲ್ಲಿದ್ದ ಗೇರನ್ನು 180ಕ್ಕೆ ಏರಿಸಿದರೆ ತೂತು 0.07ರಷ್ಟು ಅಗಲವಾಗಿ, 0.03 ಸಡಿಲ ಸಿಗುತ್ತದೆ. ಅದಕ್ಕಿಂತ ಬಹಳ ಮೇಲೆ ಹೋದರೆ ಹಲ್ಲಿನ ಗಡಸುತನ ಇಳಿಯುತ್ತದೆ. ಗ್ಯಾಸ್ ಟಾರ್ಚ್ ಒಂದೇ ಕಡೆ ಕಾಯಿಸುತ್ತದೆಯಾದ್ದರಿಂದ, ಬಾಣಲೆಯಲ್ಲಿ ಎಂಜಿನ್ ಆಯಿಲ್ ಹಾಕಿ, ಗೇರ್ ತಳಕ್ಕೆ ತಾಗದಂತೆ ತಂತಿಯಲ್ಲಿ ಇಳಿಬಿಟ್ಟು, ಥರ್ಮಾಮೀಟರ್ ನೋಡಿಕೊಂಡು ಅಂಗಡಿಯ ಹೊರಗೆ ಕಾಯಿಸಿದೆ.

ಮೊದಲ ಸಲ ಗೇರ್ ಅರ್ಧ ದಾರಿಯಲ್ಲಿ ನಿಂತುಬಿಟ್ಟಿತು. ಇನ್ನೊಮ್ಮೆ ಒತ್ತುವಷ್ಟರಲ್ಲಿ ತಣ್ಣನೆಯ ಶಾಫ್ಟ್ ಬಿಸಿಯನ್ನೆಲ್ಲ ಹೀರಿಕೊಂಡು, ಗೇರ್ ಬಿಗಿದು ಕಚ್ಚಿಕೊಂಡಿತು. ಪಕ್ಕದಲ್ಲೇ ನಿಂತಿದ್ದ ಆಲೆಮನೆಯವರು, ‘ಅಣ್ಣ, ನಾಳೆ ಗಾಣ ತಿರುಗ್ತದಾ?’ ಎಂದರು, ನಾನು ಉತ್ತರಿಸಲಿಲ್ಲ. ಪುಲ್ಲರಿನಿಂದ ಬಿಡಿಸಿ ನೋಡಿದರೆ ಕೀಯ ನೆತ್ತಿಯ ಮೇಲೆ ಉಗುರಿನಷ್ಟು ಅಗಲದ ಹೊಳೆಯುವ ಗೀರು: ಅದು ಗೇರಿನ ತೋಡಿಗೆ ತಾಗಿತ್ತು. ತಣ್ಣಗಿದ್ದಾಗಲೇ ಕೀಯನ್ನು ಗೇರಿನ ತೋಡಿನಲ್ಲಿಟ್ಟು ನೋಡಬೇಕಿತ್ತು. ತೂತನ್ನು ಎರಡೆರಡು ಸಲ ಅಳೆದವನು ಇದನ್ನು ಬಿಟ್ಟಿದ್ದೆ.

ಕೀಯ ನೆತ್ತಿಯನ್ನು ಅರದಿಂದ ತೆಳುವಾಗಿ ಉಜ್ಜಿ, ಶಾಫ್ಟಿನ ಗೀರನ್ನು ಎಣ್ಣೆಕಲ್ಲಿನಿಂದ ನಯಗೊಳಿಸಿ, ಅಳತೆ ಕಡಿಮೆಯಾಗಿಲ್ಲವೆಂದು ಖಚಿತಪಡಿಸಿಕೊಂಡು ಮತ್ತೆ ಕಾಯಿಸಿದೆ. ಟೈಮಿಂಗ್ ಗುರುತು ಹೊರಮುಖವಾಗಿರುವಂತೆ ಇಕ್ಕಳದಲ್ಲಿ ಹಿಡಿದು ತಳ್ಳಿದಾಗ, ಈ ಸಲ ಗೇರ್ ಕೈಗೆ ಭಾರವೇ ತಿಳಿಯದಂತೆ ಜಾರಿ ಶಾಫ್ಟಿನ ಮೆಟ್ಟಿಲಿಗೆ ‘ಟಕ್’ ಎಂದು ತಾಗಿತು. ತಣಿಯುವಾಗ ಗೇರ್ ಮೆಟ್ಟಿಲಿನಿಂದ ಕೂದಲೆಳೆಯಷ್ಟು ಹಿಂದೆ ಸರಿಯುವುದುಂಟು. ಅದಕ್ಕಾಗಿ ಪೈಪಿನ ತುಂಡೊಂದನ್ನು ಅದಕ್ಕೆ ಆನಿಸಿ, ಕೈಯಿಂದ ಮುಟ್ಟುವಷ್ಟು ತಣಿಯುವವರೆಗೂ ಒತ್ತಿ ಹಿಡಿದಿದ್ದೆ. ಬಳಿಕ ಸಂದು ನೋಡುವ 0.05 ಮಿ.ಮೀ. ದಪ್ಪದ ತಗಡು, ಅಂದರೆ ಫೀಲರ್ ಗೇಜನ್ನು ಗೇರ್ ಮತ್ತು ಮೆಟ್ಟಿಲಿನ ನಡುವೆ ಸುತ್ತಲೂ ತೂರಿಸಲು ನೋಡಿದೆ, ಎಲ್ಲಿಯೂ ಹೋಗಲಿಲ್ಲ.

ಈ ಎಂಜಿನ್ನಿನಲ್ಲಿ ಕ್ರ್ಯಾಂಕ್ ಗೇರಿಗೆ 24 ಹಲ್ಲು, ಅದರ ಹಲ್ಲಿಗೆ ಹಲ್ಲು ಸೇರಿ ತಿರುಗುತ್ತ ಕವಾಟಗಳನ್ನು ತೆರೆಸುವ ಕ್ಯಾಮ್ ಗೇರಿಗೆ 48. ಒಂದು ಹಲ್ಲು ತಪ್ಪಿದರೂ ಕ್ರ್ಯಾಂಕಿನ ಲೆಕ್ಕದಲ್ಲಿ 15 ಡಿಗ್ರಿ ವ್ಯತ್ಯಾಸ. ಕ್ರ್ಯಾಂಕನ್ನು ಕೈಯಿಂದ ಎರಡು ಸುತ್ತು ತಿರುಗಿಸಿ, ಎರಡೂ ಗುರುತುಗಳು ಮತ್ತೆ ಎದುರುಬದುರಾಗಿ ನಿಂತದ್ದನ್ನು ನೋಡಿದ ಮೇಲೆಯೇ ಕವರ್ ಮುಚ್ಚಿದೆ.