ಹಿನ್ನೀರಿನ ಥಂಡಿಗೆ ಹುರುಳಿಕಟ್ಟು: ಮೀನು ಹಿಡಿಯಲು ಹೊರಡುವವರು ಬುತ್ತಿ ಕಟ್ಟುವುದು ಹೇಗೆ?

ಬಳ್ಳಾರಿ, ಕೊಪ್ಪಳ, ರಾಯಚೂರು ಅಂದರೆ ಬರೀ ಬಿಸಿಲು ಎಂಬುದು ಹೊರಗಿನವರ ಲೆಕ್ಕ. ಡಿಸೆಂಬರ್ ಕೊನೆಯ ನಸುಕಿನಲ್ಲಿ, ಕೊಪ್ಪಳ ಕಡೆಯ ತುಂಗಭದ್ರಾ ಹಿನ್ನೀರಿನ ದಂಡೆಯ ಮೇಲೆ ಅರ್ಧ ತಾಸು ಗಾಳ ಹಿಡಿದು ಕೂತವರು ಹಾಗೆ ಹೇಳಲಾರರು. ಉಷ್ಣಾಂಶ 15 ಡಿಗ್ರಿಯ ಆಚೀಚೆ ಇದ್ದರೂ ಗಾಳಕ್ಕೆ ಎರೆಹುಳು ಸಿಕ್ಕಿಸಲು ಬೆರಳು ಮಡಚುವುದಿಲ್ಲ. ತಡೆಯಿಲ್ಲದ ನೀರಿನ ಮೇಲಿಂದ ಬೀಸುವ ಗಾಳಿ ಒಂದು ಕಾರಣ, ಒದ್ದೆಯಾದ ಕಾಲು ಇನ್ನೊಂದು. ಗಾಳಿಗಿಂತ ನೀರು ಸುಮಾರು 25 ಪಟ್ಟು ವೇಗವಾಗಿ ಮೈಯ ಬಿಸಿ ಎಳೆದುಕೊಳ್ಳುತ್ತದೆ. ಡಿಸೆಂಬರ್ ಹೊತ್ತಿಗೆ ಹಿನ್ನೀರು ಹಿಂದೆ ಸರಿಯುತ್ತದೆ. ನೀರು ಮುಟ್ಟಬೇಕಾದರೆ ಕೆಸರು ತುಳಿದೇ ಹೋಗಬೇಕು. ಅಲ್ಲಿಗೆ ಕಾಲು ಒದ್ದೆ.

ನಮ್ಮ ಭಾಗದ ಚಳಿಗೆ ಇನ್ನೊಂದು ಗುಣವಿದೆ. ಬೆಳಗಿನ ಐದಕ್ಕೆ ನಡುಗಿಸಿದ ದಂಡೆಯೇ ಹತ್ತೂವರೆಗೆ ತಲೆ ಸುಡುತ್ತದೆ. ಇಲ್ಲಿ ಬಿಸಿ ಬೇಕಾಗುವುದು ನಾಲ್ಕೈದು ತಾಸು ಮಾತ್ರ. ಆಮೇಲೆ ಉಳಿದ ಬಿಸಿ ಪದಾರ್ಥವೇ ಹಳಸಿ ಹೊಟ್ಟೆ ಕೆಡಿಸುತ್ತದೆ. ಬುತ್ತಿಯ ಲೆಕ್ಕ ಹಾಕುವಾಗ ಈ ಎರಡೂ ತುದಿ ನೆನಪಿರಲಿ.

ಇಬ್ಬರು ನಸುಕಿನ ಐದರಿಂದ ಒಂಬತ್ತೂವರೆವರೆಗೆ ದಂಡೆಯಲ್ಲಿರುತ್ತಾರೆ ಎಂದುಕೊಳ್ಳೋಣ. ಅವರಿಗೆ ಒಂದು ಲೀಟರ್ ಚಹಾ, ಮುಕ್ಕಾಲು ಲೀಟರ್ ಹುರುಳಿಕಟ್ಟು, ಆರು ರೊಟ್ಟಿ, ನಾಲ್ಕು ಶೇಂಗಾ ಉಂಡೆ ಸಾಕು. ಇವುಗಳ ಜೊತೆ ಕೈ ತೊಳೆಯಲು ಬೇರೆಯೇ ಬಾಟಲಿಯಲ್ಲಿ ಒಂದು ಲೀಟರ್ ಬಿಸಿನೀರು. ಇದನ್ನು ಬಹಳ ಮಂದಿ ಮರೆಯುತ್ತಾರೆ.

ಮೊದಲು ಫ್ಲಾಸ್ಕ್ ಪರೀಕ್ಷೆ

ಚಹಾ ತಣ್ಣಗಾಯಿತೆಂದು ದೂರುವವರಲ್ಲಿ ಅರ್ಧ ಮಂದಿಯ ತೊಂದರೆ ಚಹಾದ್ದಲ್ಲ, ಫ್ಲಾಸ್ಕಿನದು. ಸ್ಟೀಲ್ ಫ್ಲಾಸ್ಕಿಗೆ ಕುದಿಯುವ ನೀರು ತುಂಬಿ ಹತ್ತು ನಿಮಿಷ ಬಿಟ್ಟು ಹೊರಮೈ ಮುಟ್ಟಿ ನೋಡಿ. ಕುತ್ತಿಗೆಯ ಹತ್ತಿರ ಸ್ವಲ್ಪ ಬೆಚ್ಚಗಿದ್ದರೆ ಸಹಜ. ನಡುಭಾಗವೇ ಬಿಸಿಯಾಗಿದ್ದರೆ ಎರಡು ಗೋಡೆಗಳ ನಡುವಿನ ನಿರ್ವಾತ ಹೋಗಿದೆ ಎಂದರ್ಥ. ಅದು ರಿಪೇರಿಯಾಗುವುದಿಲ್ಲ, ನೀರಿನ ಬಾಟಲಿಯಾಗಿ ಬಳಸಿಕೊಳ್ಳಿ. ಹೊರಗೆ ತಣ್ಣಗಿದ್ದೂ ಚಹಾ ಬೇಗ ಆರುತ್ತಿದ್ದರೆ ಮುಚ್ಚಳದ ಒಳಗಿನ ರಬ್ಬರ್ ವಾಷರ್ ನೋಡಿ. ಉಗುರಿನಿಂದ ಒತ್ತಿದರೆ ಮೆತ್ತಗೆ ಒಳಗೆ ಹೋಗಿ ಮತ್ತೆ ಎದ್ದು ಬರಬೇಕು. ಗಟ್ಟಿಯಾಗಿದ್ದರೆ, ಬಿರುಕು ಕಂಡರೆ, ಒಂದು ಕಡೆ ಚಪ್ಪಟೆಯಾಗಿದ್ದರೆ ಅಲ್ಲಿಂದಲೇ ಹಬೆ ಹೋಗುತ್ತಿದೆ. ಬದಲಿಸಬೇಕಾದ್ದು ವಾಷರ್ ಅಷ್ಟೇ.

ಗಾಜಿನ ಒಡಲಿನ ಹಳೇ ಫ್ಲಾಸ್ಕ್ ಬಿಸಿ ಚೆನ್ನಾಗಿ ಹಿಡಿಯುತ್ತದೆ, ಸುಳ್ಳಲ್ಲ. ಆದರೆ ಬೈಕಿನ ಹಿಂದೆ ಕಟ್ಟಿಕೊಂಡು ಗುಂಡಿ ಬಿದ್ದ ದಾರಿಯಲ್ಲಿ ಹೋಗುವವರಿಗೆ ಅದು ತಕ್ಕದ್ದಲ್ಲ. ಒಯ್ಯಲೇಬೇಕೆಂದರೆ ಕುಡಿಯುವ ಮುನ್ನ ಅಲ್ಲಾಡಿಸಿ ಕಿವಿಗೊಡಿ. ಝಲ್ ಎಂದರೆ ಪೂರ್ತಿ ಚೆಲ್ಲಿ.

ತುಂಬುವ ಕ್ರಮ ಹೀಗೆ: ಕುದಿಯುವ ನೀರು ಹಾಕಿ ಮುಚ್ಚಿ ಎಂಟು ಹತ್ತು ನಿಮಿಷ ಬಿಡಿ. ಆ ನೀರು ಚೆಲ್ಲಿದ ಮರುಕ್ಷಣವೇ ಕುದಿಯುತ್ತಿರುವ ಚಹಾ ಸುರಿಯಿರಿ. ತಣ್ಣನೆಯ ಸ್ಟೀಲಿಗೆ ನೇರವಾಗಿ ಸುರಿದರೆ ಚಹಾದ ಮೊದಲ ಬಿಸಿಯೆಲ್ಲ ಫ್ಲಾಸ್ಕನ್ನು ಕಾಯಿಸುವುದಕ್ಕೇ ಹೋಗುತ್ತದೆ. ಮುಚ್ಚಳಕ್ಕೆ ಒಂದು ಬೆರಳಷ್ಟು ಜಾಗ ಬಿಟ್ಟು ಪೂರ್ತಿ ತುಂಬಿ. ಅರ್ಧ ತುಂಬಿದ ದೊಡ್ಡ ಫ್ಲಾಸ್ಕಿಗಿಂತ ಪೂರ್ತಿ ತುಂಬಿದ ಎರಡು ಸಣ್ಣವು ಮೇಲು. ಒಂದನ್ನು ಖಾಲಿ ಮಾಡುವವರೆಗೆ ಇನ್ನೊಂದರ ಮುಚ್ಚಳ ತೆರೆಯುವ ಪ್ರಮೇಯವೇ ಬರುವುದಿಲ್ಲ.

ಫ್ಲಾಸ್ಕ್ ಇಲ್ಲದವರಿಗೆ ಗಂಗಾವತಿ, ಕಂಪ್ಲಿ, ಸಿಂಧನೂರು ಕಡೆ ದಾರಿ ಸುಲಭ. ಅಕ್ಕಿ ಗಿರಣಿಗಳ ಊರಲ್ಲಿ ಭತ್ತದ ಹೊಟ್ಟಿಗೆ ಏನು ಬರ? ಒಂದು ಬುಟ್ಟಿಯ ತಳಕ್ಕೆ ನಾಲ್ಕು ಬೆರಳು ಒಣ ಹೊಟ್ಟು ಹರವಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯನ್ನು ಹಳೇ ಟವೆಲ್ಲಿನಲ್ಲಿ ಸುತ್ತಿ ನಡುವೆ ಇಡಿ. ಸುತ್ತಲೂ ಮೇಲೂ ಅಷ್ಟೇ ದಪ್ಪ ಹೊಟ್ಟು ತುಂಬಿ ಗೋಣಿಚೀಲ ಹೊದಿಸಿ. ಹೊಟ್ಟಿನ ಸಂದಿಯಲ್ಲಿ ಸಿಕ್ಕಿಕೊಂಡ ಗಾಳಿಯೇ ಬಿಸಿ ಕಾಯುತ್ತದೆ. ಹೊಟ್ಟು ಒದ್ದೆಯಾದರೆ ಈ ಗುಣವೆಲ್ಲ ಹೋಯಿತು. ಫ್ಲಾಸ್ಕಿನಷ್ಟು ಹೊತ್ತು ಇದು ತಡೆಯುವುದಿಲ್ಲ, ಇದರಲ್ಲಿಟ್ಟದ್ದನ್ನು ಮೊದಲು ಖಾಲಿ ಮಾಡಿ.

ಚಹಾ: ಹಾಲು ಬೇರೆ, ಡಿಕಾಕ್ಷನ್ ಬೇರೆ

ಹಾಲು ಹಾಕಿ ಕುದಿಸಿದ ಚಹಾ ಫ್ಲಾಸ್ಕಿನಲ್ಲಿ ಎರಡು ತಾಸು ಕಳೆದರೆ ಕೆನೆಗಟ್ಟಿ ವಾಸನೆ ಹಿಡಿಯುತ್ತದೆ. ಉಗುರುಬೆಚ್ಚಗಾದ ಮೇಲಂತೂ ಹಾಲು ಕೆಡಲು ಹೇಳಿ ಮಾಡಿಸಿದ ಜಾಗ ಅದು. ಕರಿ ಚಹಾ ಒಯ್ಯಿರಿ.

ಒಂದು ಲೀಟರ್ ಫ್ಲಾಸ್ಕಿಗೆ 1,100 ಮಿಲಿ ಲೀಟರ್ ನೀರಿಡಿ, ನೂರು ಮಿಲಿಯಷ್ಟು ಹಬೆಯಾಗಿ ಹೋಗುತ್ತದೆ. ಹೆಬ್ಬೆರಳಿನ ಅರ್ಧದಷ್ಟು ಹಸಿಶುಂಠಿ ಜಜ್ಜಿ, ಎಂಟು ಹತ್ತು ಕಾಳುಮೆಣಸು ಒಡೆದು ಹಾಕಿ ಐದು ನಿಮಿಷ ಕುದಿಸಿ. ಮೂರು ಚಿಕ್ಕ ಚಮಚ ಚಹಾಪುಡಿ ಹಾಕಿ ಎರಡೇ ನಿಮಿಷಕ್ಕೆ ಇಳಿಸಿ ಸೋಸಿ. ಸೋಸದೆ ಹಾಗೇ ಸುರಿದರೆ ಆರು ಗಂಟೆ ಹೊತ್ತಿಗೆ ಬಾಯಿಗಿಡಲಾರದಷ್ಟು ಒಗರು. ಬೆಲ್ಲ 60 ಗ್ರಾಂ ಸಾಕು. ಅದನ್ನು ಅರ್ಧ ಲೋಟ ಬಿಸಿನೀರಿನಲ್ಲಿ ಕರಗಿಸಿ ಬಟ್ಟೆಯಲ್ಲಿ ಸೋಸಿ ಸೇರಿಸಿ ಮತ್ತೊಮ್ಮೆ ಕುದಿ ಬರಿಸಿ. ಬೆಲ್ಲದಲ್ಲಿ ಮರಳು ಇದ್ದೇ ಇರುತ್ತದೆ, ಅದು ಮುಚ್ಚಳದ ವಾಷರಿನ ಸಂದಿಗೆ ಸೇರಿದರೆ ಚಹಾ ಸೋರುತ್ತದೆ.

ಹಾಲಿಲ್ಲದೆ ಆಗದವರು ಹಾಲಿನ ಪುಡಿ ಒಣ ಡಬ್ಬಿಯಲ್ಲಿ ಒಯ್ಯಲಿ. ಕಪ್ಪಿಗೆ ಎರಡು ಚಮಚ ಪುಡಿ ಹಾಕಿ, ಮೊದಲು ಒಂದು ಗುಟುಕು ಚಹಾದಲ್ಲಿ ಕಲಸಿ, ಆಮೇಲೆ ಉಳಿದದ್ದನ್ನು ಸುರಿಯಬೇಕು. ಒಮ್ಮೆಲೇ ಸುರಿದರೆ ಗಂಟು. ಬೆಲ್ಲದ ಬಿಸಿ ಚಹಾಕ್ಕೆ ಹಾಲು ಬೆರೆಸಿದರೆ ಒಡೆಯುವುದುಂಟು. ಹಾಗಾಗಿ ಹಾಲಿನವರ ಫ್ಲಾಸ್ಕಿಗೆ ಸಕ್ಕರೆಯೇ ಇರಲಿ. ನಿಂಬೆ ಹಿಂಡುವವರು ಕಪ್ಪಿಗೆ ಹಿಂಡಿಕೊಳ್ಳಿ, ಫ್ಲಾಸ್ಕಿಗಲ್ಲ.

ಕುಡಿಯುವುದು ಯಾವಾಗ? ನಡುಕ ಬಂದ ಮೇಲಲ್ಲ. ದಂಡೆಗೆ ಬಂದು ಸಾಮಾನು ಇಳಿಸಿದ ಕೂಡಲೇ ಒಂದು ಕಪ್ಪು, ಆಮೇಲೆ ಗಂಟೆಗೊಮ್ಮೆ 100 ಮಿಲಿ. ನಿಜ ಹೇಳಬೇಕೆಂದರೆ ಒಂದು ಕಪ್ಪು ಚಹಾ ಮೈಯ ಬಿಸಿಯನ್ನು ಹೆಚ್ಚೇನೂ ಏರಿಸುವುದಿಲ್ಲ. ಅದರ ಉಪಕಾರ ಕಪ್ಪು ಹಿಡಿದ ಬೆರಳಿಗೆ, ಗಂಟಲಿಗೆ, ಮನಸ್ಸಿಗೆ. ಮೈಯೊಳಗೆ ಬಿಸಿ ಹುಟ್ಟಿಸುವುದು ತಿಂದ ಅನ್ನಾಹಾರ. ಬರೀ ಚಹಾ ಹೊತ್ತುಕೊಂಡು ಹೋದವರು ಏಳಕ್ಕೆಲ್ಲ ಸೋಲುವುದು ಇದಕ್ಕೇ.

ಹುರುಳಿಕಟ್ಟು

ದಂಡೆಯ ಊಟಕ್ಕೆ ಇದರಷ್ಟು ಹೊಂದುವ ಪದಾರ್ಥ ಇನ್ನೊಂದಿಲ್ಲ. ಕುಡಿಯಬಹುದು, ರೊಟ್ಟಿ ಮುರಿದು ನೆನೆಸಬಹುದು, ಚಮಚವೂ ಬೇಡ.

ಹಿಂದಿನ ದಿನ ಬೆಳಿಗ್ಗೆ 150 ಗ್ರಾಂ ಹುರುಳಿ ಆರಿಸಿ ತೊಳೆದು ನೆನೆಹಾಕಿ. ಹುರುಳಿಯಲ್ಲಿ ಸಣ್ಣ ಕಲ್ಲು ತಪ್ಪಿದ್ದಲ್ಲ, ಕತ್ತಲಲ್ಲಿ ಹಲ್ಲಿಗೆ ಸಿಕ್ಕರೆ ಕಷ್ಟ. ಸಂಜೆ ಒಂದೂಕಾಲು ಲೀಟರ್ ನೀರು, ಒಂದು ಚಮಚ ಎಣ್ಣೆ ಹಾಕಿ ಕುಕ್ಕರಿನಲ್ಲಿ ಆರೇಳು ಸೀಟಿ ಕೂಗಿಸಿ. ಕುಕ್ಕರ್ ಅರ್ಧಕ್ಕಿಂತ ಹೆಚ್ಚು ತುಂಬಬಾರದು, ಹುರುಳಿಯ ನೊರೆ ಸೀಟಿಯ ತೂತಿಗೆ ಕಟ್ಟಿಕೊಳ್ಳುತ್ತದೆ. ಎಣ್ಣೆ ಹಾಕುವುದೂ ನೊರೆ ತಗ್ಗಿಸಲಿಕ್ಕೇ. ಬಸಿದರೆ 800 ಮಿಲಿಯಷ್ಟು ಕಟ್ಟು ಸಿಗುತ್ತದೆ. ಕಾಳು ಮನೆಯವರ ಪಲ್ಯಕ್ಕಾಯಿತು.

ಎರಡು ಚಮಚ ಎಣ್ಣೆಗೆ ಸಾಸಿವೆ, ಅರ್ಧ ಚಮಚ ಜೀರಿಗೆ, ಜಜ್ಜಿದ ಎಂಟು ಎಸಳು ಬೆಳ್ಳುಳ್ಳಿ, ಕರಿಬೇವು. ಬೆಳ್ಳುಳ್ಳಿ ಕೆಂಪಾದ ಮೇಲೆ ಕಟ್ಟು, ಅರ್ಧ ನಿಂಬೆ ಗಾತ್ರದ ಹುಣಸೆಯ ರಸ, ಅರ್ಧ ಚಮಚ ಕಾಳುಮೆಣಸಿನ ಪುಡಿ, ಒಂದು ಚಮಚ ಉಪ್ಪು. ಖಾರ ಮನೆಯಲ್ಲಿ ಉಣ್ಣುವುದಕ್ಕಿಂತ ಒಂದು ಪಾಲು ಕಡಿಮೆಯೇ ಇರಲಿ. ಖಾರಕ್ಕೆ ಮೈ ಬೆವರಿದರೆ ಗಾಳಿಗೆ ಆ ಬೆವರೇ ಥಂಡಿ ತರುತ್ತದೆ. ಆರಿಸಿ ಫ್ರಿಜ್ಜಿನಲ್ಲಿಡಿ. ಹೊರಡುವ ಮುನ್ನ, ಮೂರೂವರೆ ನಾಲ್ಕರ ಹೊತ್ತಿಗೆ, ಎರಡು ಮೂರು ನಿಮಿಷ ಕೊತಕೊತ ಕುದಿಸಿ, ಸೋಸಿ, ಕಾಯಿಸಿದ ಫ್ಲಾಸ್ಕಿಗೆ ತುಂಬಿ. ಸೋಸದಿದ್ದರೆ ಕರಿಬೇವಿನ ಒಂದು ಎಲೆ ಸಾಕು, ಫ್ಲಾಸ್ಕಿನ ಬಾಯಿ ಕಟ್ಟಿಸಲು.

ಅನ್ನ ಮಾತ್ರ ಬೇಡ. ಬೆಚ್ಚಗಿನ ಡಬ್ಬಿಯಲ್ಲಿ ತಾಸುಗಟ್ಟಲೆ ಕೂತ ಅನ್ನ ವಾಸನೆ ಬರುವ ಮೊದಲೇ ಕೆಟ್ಟಿರುತ್ತದೆ.

ರೊಟ್ಟಿ ಯಾವುದು?

ಮೆತ್ತನೆಯ ಜೋಳದ ರೊಟ್ಟಿ ತಣ್ಣಗಾದರೆ ಚರ್ಮದಂತಾಗುತ್ತದೆ. ಅದಕ್ಕಿಂತ ಖಡಕ್ ರೊಟ್ಟಿ ಒಯ್ದು ಬಿಸಿ ಕಟ್ಟಿಗೆ ಮುರಿದು ಹಾಕುವುದೇ ಜಾಣತನ. ಎರಡು ನಿಮಿಷದಲ್ಲಿ ನೆನೆದು ಹದಕ್ಕೆ ಬರುತ್ತದೆ, ಕೆಡುವ ಭಯವೂ ಇಲ್ಲ. ಮನೆಯಲ್ಲೇ ಮುರಿದು ಡಬ್ಬಿಗೆ ಹಾಕಿಕೊಳ್ಳಿ. ಮೀನು ಮುಟ್ಟಿದ ಕೈಯಲ್ಲಿ ರೊಟ್ಟಿ ಮುರಿಯುವುದು ಯಾರಿಗೂ ಇಷ್ಟವಾಗಲಾರದು.

ಚಳಿಗಾಲಕ್ಕೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ನಮ್ಮಲ್ಲಿ ವಾಡಿಕೆ. ಸಜ್ಜೆಯಲ್ಲೂ ಎಳ್ಳಲ್ಲೂ ಎಣ್ಣೆಯ ಅಂಶ ಹೆಚ್ಚು, ಹಸಿವು ಬೇಗ ಮರಳುವುದಿಲ್ಲ. ಆ ಎಣ್ಣೆಯಿಂದಲೇ ಸಜ್ಜೆ ಹಿಟ್ಟು ಬೇಗ ಕಹಿಯಾಗುತ್ತದೆ, ವಾರದೊಳಗೆ ಬೀಸಿದ್ದೇ ಬೇಕು. ರೊಟ್ಟಿ ಬಿಸಿ ಇರುವಾಗಲೇ ಬೆಣ್ಣೆ, ಶೇಂಗಾ ಹಿಂಡಿ (ಚಟ್ನಿಪುಡಿ) ಸವರಿ ಸುರುಳಿ ಸುತ್ತಿ ಕಾಗದದಲ್ಲಿ ಕಟ್ಟಿ. ಆರಿದ ಮೇಲೆ ಸುತ್ತಲು ಹೋದರೆ ಮುರಿಯುತ್ತದೆ. ಕಾಗದ ಹಿಡಿದೇ ತಿನ್ನಬಹುದು.

ಮಂಡಕ್ಕಿ ಒಗ್ಗರಣೆ, ಮಿರ್ಚಿ ಎಂದು ಆಸೆಪಡುವವರು ವಾಪಸ್ ಬರುವಾಗ ಊರ ಹೋಟೆಲಿನಲ್ಲಿ ತಿನ್ನಲಿ. ನೆನೆದ ಮಂಡಕ್ಕಿ ಕ್ಷಣದಲ್ಲಿ ಆರಿ ಮುದ್ದೆಯಾಗುತ್ತದೆ. ಗಾಳಿಯ ದಂಡೆಯಲ್ಲಿ ಎಣ್ಣೆ ಬಾಣಲೆ ಇಡುವ ವಿಚಾರವನ್ನಂತೂ ಬಿಡಿ.

ಒಲೆ ಹಚ್ಚುವುದಾದರೆ

ತೆಪ್ಪದಲ್ಲಿ ಒಲೆ, ಬೆಂಕಿ, ಬೀಡಿ ಯಾವುದೂ ಬೇಡ. ಬಿದಿರಿನ ಹೆಣಿಗೆಯ ಮೇಲೆ ಪ್ಲಾಸ್ಟಿಕ್ ಹಾಳೆ, ಡಾಂಬರು. ಹೊತ್ತಿಕೊಳ್ಳಲು ಇನ್ನೇನು ಬೇಕು? ತೆಪ್ಪದಲ್ಲಿರುವಾಗ ಚಹಾ ಬಗ್ಗಿಸಿಕೊಳ್ಳುವುದೂ ದಂಡೆಗೆ ಆನಿಸಿ ನಿಲ್ಲಿಸಿದ ಮೇಲೆಯೇ. ತಿರುಗುವ ತೆಪ್ಪದಲ್ಲಿ ಕಪ್ಪು ತುಂಬಲು ಹೋದರೆ ತೊಡೆ ಸುಟ್ಟುಕೊಳ್ಳುತ್ತೀರಿ.

ದಂಡೆಯಲ್ಲಿ ಮೊಳದುದ್ದ, ಗೇಣು ಆಳದ ಗುಂಡಿ ತೋಡಿ, ಗಾಳಿ ಬರುವ ದಿಕ್ಕಿಗೆ ಮಣ್ಣಿನ ದಿಬ್ಬ ಮಾಡಿ. ಮೂರು ಕಲ್ಲು ದೂರದ ಒಣ ನೆಲದಿಂದ ತನ್ನಿ. ನೀರಿನಂಚಿನ ನುಣುಪು ಗುಂಡುಗಲ್ಲು ಒಳಗೆ ನೀರು ಹೀರಿಕೊಂಡಿರುತ್ತದೆ, ಬೆಂಕಿಗೆ ಆ ನೀರು ಹಬೆಯಾಗಿ ಕಲ್ಲು ಸಿಡಿದು ಚೂರು ಹಾರುತ್ತದೆ. ಸೌದೆಗೆ ಬಳ್ಳಾರಿ ಜಾಲಿಗೆ ಸಾಟಿಯಿಲ್ಲ, ಒಣಗಿದ ಕೊರಡು ಕೆಂಡ ಕಟ್ಟಿ ಬಹಳ ಹೊತ್ತು ಉರಿಯುತ್ತದೆ. ಮುಳ್ಳಿನ ಬಗ್ಗೆ ಮಾತ್ರ ಎಚ್ಚರ, ಅದು ಬೈಕಿನ ಟೈರನ್ನೂ ಬಿಡುವುದಿಲ್ಲ. ಕಣಗಿಲೆ ಕಡ್ಡಿಯನ್ನು ಒಲೆಗಾಗಲಿ, ಚಹಾ ಕಲಕಲಿಕ್ಕಾಗಲಿ ಬಳಸಬೇಡಿ. ಗಿಡವೆಲ್ಲ ವಿಷ. ಟಾರ್ಪಾಲಿನ್ ಮುಚ್ಚಿಕೊಂಡು ಒಳಗೆ ಕೆಂಡ ಇಟ್ಟುಕೊಳ್ಳುವುದೂ ಬೇಡ, ವಾಸನೆಯಿಲ್ಲದ ವಿಷಾನಿಲ ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ತುಂಗಭದ್ರಾ ಅಣೆಕಟ್ಟೆಯ ಕೆಳಗಿನಿಂದ ಕಂಪ್ಲಿ ಸೇತುವೆವರೆಗಿನ ನದಿಪಾತ್ರ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ಅಲ್ಲಿ ಒಲೆಯ ಯೋಚನೆ ಬಿಟ್ಟು ಫ್ಲಾಸ್ಕನ್ನೇ ನೆಚ್ಚಿಕೊಳ್ಳಿ. ಕೃಷ್ಣೆಯ ದಂಡೆಗೆ ಹೋಗುವ ರಾಯಚೂರಿನವರು ಪಾತ್ರೆ ತೊಳೆಯಲು ಕತ್ತಲಲ್ಲಿ ನೀರಿಗಿಳಿಯಬಾರದು, ಮೊಸಳೆಗಳಿವೆ.

ಚಳಿಗೆಂದು ಎಣ್ಣೆ ಹಾಕುವವರಿಗೆ ಒಂದು ಮಾತು. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಒಳಗಿನ ಬಿಸಿರಕ್ತ ಹೊರಮೈಗೆ ಬರುತ್ತದೆ. ಬೆಚ್ಚಗಾದಂತೆ ಅನಿಸುವ ಆ ಹೊತ್ತಿನಲ್ಲೇ ಮೈ ಬಿಸಿ ಕಳೆದುಕೊಳ್ಳುತ್ತಿರುತ್ತದೆ. ಮೇಲೆ ತೆಪ್ಪ, ಆಳದ ನೀರು.

ಯಾರಾದರೂ ನೀರಿಗೆ ಬಿದ್ದು ಎದ್ದರೆ ಮೊದಲ ಕೆಲಸ ಚಹಾ ಕೊಡುವುದಲ್ಲ, ಒದ್ದೆ ಬಟ್ಟೆ ಕಳಚುವುದು. ಒರೆಸಿ ಕಂಬಳಿ ಹೊದಿಸಿ. ಕುರಿಯ ಉಣ್ಣೆ ತುಸು ಒದ್ದೆಯಾದರೂ ಬೆಚ್ಚಗಿಡುತ್ತದೆ, ಹತ್ತಿಯ ದುಪ್ಪಟಿಗೆ ಆ ಗುಣವಿಲ್ಲ. ಎಚ್ಚರವಿದ್ದು ಸರಿಯಾಗಿ ನುಂಗಬಲ್ಲರಾದರೆ ಬೆಲ್ಲದ ಚಹಾ ಗುಟುಕು ಗುಟುಕಾಗಿ ಕೊಡಿ. ಮಾತು ತೊದಲುತ್ತಿದ್ದರೆ, ನಡುಕ ನಿಂತು ಮಂಕಾಗಿದ್ದರೆ ಏನನ್ನೂ ಕುಡಿಸದೆ 108ಕ್ಕೆ ಕರೆ ಮಾಡಿ.

ಗಾಳ ಹಾಕುವವರಿಗೆ ಇನ್ನೊಂದು ವಿಷಯ. ನೀರು ತಣ್ಣಗಾದಾಗ ಕಾಟ್ಲಾ, ರೋಹು ಮೇವಿಗೆ ಮಂದವಾಗುತ್ತವೆ, ಬಿಸಿಲು ತಾಗಿದ ಮೇಲೆ ಚುರುಕಾಗುತ್ತವೆ. ಸಂಜೆ ಬಿಟ್ಟ ಬಲೆ ಎತ್ತುವವರು ನಸುಕಿಗೆ ಹೋಗಲೇಬೇಕು. ಗಾಳದವರು ಜನವರಿಯಲ್ಲಿ ಏಳಕ್ಕೆ ಹೊರಟರೂ ನಷ್ಟವಿಲ್ಲ, ಬುತ್ತಿಯೂ ಅರ್ಧಕ್ಕಿಳಿಯುತ್ತದೆ.

ಕಟ್ಟು, ರೊಟ್ಟಿ ಎಂಟರ ಒಳಗೆ ಮುಗಿಯಲಿ. ಹತ್ತಕ್ಕೆ ಉಗುರುಬೆಚ್ಚಗೆ ಉಳಿದ ಕಟ್ಟನ್ನು ಮನೆಗೆ ತಂದು ಮತ್ತೆ ಕುದಿಸಿ ಉಣ್ಣುವ ಉಳಿತಾಯ ಬೇಡ, ಚೆಲ್ಲಿಬಿಡಿ. ಶೇಂಗಾ ಉಂಡೆಗೆ ಅವಸರವಿಲ್ಲ. ಫ್ಲಾಸ್ಕನ್ನು ಅದೇ ದಿನ ತೊಳೆಯಿರಿ. ಬೆಳ್ಳುಳ್ಳಿ ವಾಸನೆ ಹೋಗದಿದ್ದರೆ ಒಂದು ಚಮಚ ಅಡುಗೆ ಸೋಡಾ ಹಾಕಿ ಬಿಸಿನೀರು ತುಂಬಿ ಮುಚ್ಚಳ ತೆರೆದೇ ಒಂದು ತಾಸು ಬಿಡಿ. ವಾಷರ್ ಬಿಚ್ಚಿ ಬೇರೆಯಾಗಿ ತೊಳೆದು ಒಣಗಿಸಿ. ಫ್ಲಾಸ್ಕ್ ಬೋರಲು ಹಾಕಿ ಒಣಗಿಸಿದ ಮೇಲೂ ಮುಚ್ಚಳ ಬಿಗಿಯದೆ ಪಕ್ಕದಲ್ಲೇ ಇಡಿ. ಬಿಗಿದಿಟ್ಟರೆ ಮುಂದಿನ ಭಾನುವಾರದ ಚಹಾಕ್ಕೆ ಮುಗ್ಗಲು ವಾಸನೆ.