ಕಿವಿ ಮುಟ್ಟಗೊಡದ ಕುದುರೆ, ಒಂದು ಮಳೆಗಾಲ

ನಮ್ಮ ಕಡಲತೀರದಲ್ಲಿ ಸವಾರಿಗೆ ನಿಲ್ಲುವ ಕುದುರೆಗಳಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಲಸವಿಲ್ಲ. ಬೆದರಿದ ಕುದುರೆಯನ್ನು ಹದಕ್ಕೆ ತರಲು ನಾನು ಇಟ್ಟುಕೊಂಡಿರುವುದು ಈ ನಾಲ್ಕು ತಿಂಗಳನ್ನೇ. ಇಲ್ಲಿ ಹೇಳುತ್ತಿರುವುದು ಕಾರವಾರದ ಸದಾಶಿವಗಡದ ಕಡೆ, ತೆಂಗಿನ ತೋಟವೊಂದರಲ್ಲಿ ಮಾಡಿದ ಕೆಲಸ. ಮದುವೆ ಮೆರವಣಿಗೆಗೆ ದುಡಿದು ಬಂದ ಹೆಣ್ಣುಕುದುರೆ, ತೂಕ ಹೆಚ್ಚುಕಡಿಮೆ 300 ಕಿಲೋ. ಹತ್ತಿರ ಹೋದರೆ ಹಿಂಭಾಗ ತಿರುಗಿಸುತ್ತಿತ್ತು. ತಲೆಯ ಬಳಿ ಕೈ ಬಂದರೆ ಕತ್ತು ಮೇಲಕ್ಕೆಸೆದು ಹಿಂದಕ್ಕೆ ಜಗ್ಗುತ್ತಿತ್ತು. ಎಡಗಿವಿಯ ಮಾತಂತೂ ಬೇಡ. ಚುಚ್ಚುಮದ್ದಿಗೋ ಲಾಳ ಕಟ್ಟಲಿಕ್ಕೋ ಕಿವಿ ತಿರುಚಿ ಹಿಡಿದು ನಿಲ್ಲಿಸುವ ಅಭ್ಯಾಸ ಅನೇಕರಿಗಿದೆ. ಆ ಹೊತ್ತಿಗೆ ಕೆಲಸ ಆಗುತ್ತದೆ, ಸಾಲ ಮಾತ್ರ ಮುಂದಿನ ಮಾಲೀಕ ತೀರಿಸಬೇಕು.

ಪಳಗಿಸುವ ಮೊದಲು ನೋವು ಇದೆಯೇ ನೋಡಬೇಕು. ಪಶುವೈದ್ಯರಿಂದ ದವಡೆ ಹಲ್ಲಿನ ಅಂಚು ಚೂಪಾಗಿ ಕೆನ್ನೆ ಕೊಯ್ಯುತ್ತಿದೆಯೇ, ಕಿವಿಯೊಳಗೆ ಉಣುಗು ಅಥವಾ ಕೀವು ಇದೆಯೇ, ಜೀನಿನ ಕೆಳಗೆ ಬೆನ್ನು ಒತ್ತಿದರೆ ಕುಗ್ಗುತ್ತದೆಯೇ, ಹೊಟ್ಟೆಪಟ್ಟಿಯ ಜಾಗದಲ್ಲಿ ಹಳೆಯ ಹುಣ್ಣು ಇದೆಯೇ ನೋಡಿಸಿದೆ. ಗ್ಲ್ಯಾಂಡರ್ಸ್‌ಗೆ ರಕ್ತಪರೀಕ್ಷೆ ಮಾಡಿಸದೆ ಹೊಸ ಕುದುರೆಯನ್ನು ಲಾಯಕ್ಕೆ ಸೇರಿಸಬೇಡಿ; ಅದು ಮನುಷ್ಯರಿಗೂ ಹರಡುವ ರೋಗ. ಧನುರ್ವಾಯು ಲಸಿಕೆಯೂ ಆಗಿರಬೇಕು. ಇದರ ಗೊರಸಿನ ಸಂದಿನಲ್ಲಿ ಕಪ್ಪು ಕೊಳೆ, ಕೆಟ್ಟ ನಾತ ಇತ್ತು. ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ನಿಂತ ಕುದುರೆಗೆ ಇದು ಬಂದೇ ಬರುತ್ತದೆ. ಕಾಲು ಎತ್ತಿದರೆ ಒದೆಯುವುದಕ್ಕೆ ಅರ್ಧ ಕಾರಣ ಅಲ್ಲೇ ಸಿಕ್ಕಿತು. ಲಾಯದ ನೆಲ ಎತ್ತರಿಸಿ, ಒಣ ಮರದ ಹೊಟ್ಟು ಹಾಕಿ, ವೈದ್ಯರ ಮದ್ದು ಮಾಡಿದ ಮೇಲೆಯೇ ಕಾಲಿನ ತಂಟೆಗೆ ಹೋಗಿದ್ದು.

ಅಂಗಳಕ್ಕೆ ಅಡಿಕೆ ದಬ್ಬೆ ಕಟ್ಟಿ ಸುಮಾರು 15 ಮೀಟರ್ ಅಗಲದ ದುಂಡನೆಯ ಬೇಲಿ ಮಾಡಿದೆ. ಮೂಲೆ ಇದ್ದರೆ ಕುದುರೆ ಅಲ್ಲಿ ತಲೆ ತೂರಿಸಿ ನಮ್ಮ ಕಡೆ ಹಿಂಗಾಲು ಇಡುತ್ತದೆ. ಬೆಳಿಗ್ಗೆ ಕಾಲು ಗಂಟೆ, ಸಂಜೆ ಕಾಲು ಗಂಟೆ, ಅಷ್ಟೇ ಕೆಲಸ. ಮೊದಲ ಐದಾರು ದಿನ ಬೇಲಿಯೊಳಗೆ ಮಗ್ಗುಲಾಗಿ ನಿಂತು ನೆನೆಸುವ ಹುರುಳಿಯ ಕಲ್ಲು ಆರಿಸುತ್ತಿದ್ದೆ. ಕುದುರೆಯ ಕಣ್ಣು ತಲೆಯ ಪಕ್ಕದಲ್ಲಿರುವುದರಿಂದ ಸುತ್ತ ಬಹುಪಾಲು ಕಾಣುತ್ತದೆ, ಹಣೆಯ ನೇರ ಮುಂದೆ ಮತ್ತು ಬಾಲದ ಹಿಂದೆ ಕಾಣುವುದಿಲ್ಲ. ಹೀಗಾಗಿ ಯಾವಾಗಲೂ ಭುಜದ ಕಡೆಗೆ ಓರೆಯಾಗಿ ಹೋಗಬೇಕು.

ಇಡೀ ಕೆಲಸ ನಿಂತಿರುವುದು ಒಂದೇ ಒಂದು ವಿಷಯದ ಮೇಲೆ: ಯಾವ ಕ್ಷಣಕ್ಕೆ ಹಿಂದೆ ಸರಿಯುತ್ತೀರಿ. ಹನ್ನೆರಡು ಹೆಜ್ಜೆ ದೂರದಲ್ಲಿ ಅದು ಹುಲ್ಲು ಅಗಿಯುವುದನ್ನು ನಿಲ್ಲಿಸಿ ತಲೆ ಎತ್ತಿತು ಎನ್ನಿ, ಅದೇ ಗಡಿ. ಅಲ್ಲಿ ಸುಮ್ಮನೆ ನಿಂತೆ. ಒಂದು ಕಿವಿ ಸಡಿಲಾಯಿತು, ತುಟಿ ಚಪ್ಪರಿಸಿತು ಅಥವಾ ತಲೆ ತಗ್ಗಿತು ಎಂದ ತಕ್ಷಣ ಎರಡು ಹೆಜ್ಜೆ ಹಿಂದೆ. ಮರುದಿನ ಗಡಿ ಹತ್ತು ಹೆಜ್ಜೆಗೆ ಬಂದಿರುತ್ತದೆ, ಕೆಲವು ದಿನ ಹದಿನಾಲ್ಕಕ್ಕೂ ಹೋಗುತ್ತದೆ. ಅದು ಓಡಿದಾಗ ನೀವು ಹಿಂದೆ ಸರಿದರೆ, ಓಡಿದರೆ ಮನುಷ್ಯ ದೂರ ಹೋಗುತ್ತಾನೆ ಎಂಬ ಪಾಠ ನೀವೇ ಕಲಿಸಿದಂತೆ. ಹೆಚ್ಚಿನವರ ಕೈಯಲ್ಲಿ ಕುದುರೆ ಕೆಡುವುದು ಇಲ್ಲೇ.

ಮೊದಲ ಸ್ಪರ್ಶಕ್ಕೆ ಕೈ ಬಳಸಲಿಲ್ಲ. ಒಂದೂವರೆ ಮೀಟರ್ ಬಿದಿರು ಕೋಲಿನ ತುದಿಗೆ ಹಳೆ ಪಂಚೆಯ ತುಂಡು ಸುತ್ತಿ ಅದರಿಂದ ಭುಜ ಸವರಿದೆ. ಕುದುರೆ ಸರಿದರೆ ಕೋಲೂ ಅದರ ಜೊತೆ ಹಗುರಾಗಿ ಸರಿಯಬೇಕು. ಕಾಲು ನಿಂತ ಗಳಿಗೆಗೆ ತೆಗೆಯಬೇಕು. ನಾಲ್ಕನೆಯ ದಿನ ಕೋಲು ಗಿಡ್ಡ ಹಿಡಿದೆ, ವಾರದಲ್ಲಿ ಕೈ ತಲುಪಿತು. ಕತ್ತು ಬೆನ್ನಿಗೆ ಸೇರುವ ದಿಬ್ಬವನ್ನು ಉಗುರಿನಿಂದ ಕೆರೆದರೆ ಕುದುರೆಗೆ ಹಿತ, ಅವು ಒಂದಕ್ಕೊಂದು ಕೆರೆದುಕೊಳ್ಳುವುದೂ ಅಲ್ಲೇ. ಮೇಲ್ತುಟಿ ಉದ್ದವಾಗಿ ನಡುಗತೊಡಗಿದರೆ ಸರಿಯಾದ ಜಾಗ ಸಿಕ್ಕಿತೆಂದು ತಿಳಿಯಿರಿ. ಹಣೆ ತಟ್ಟುವುದು ಮನುಷ್ಯರ ಚಪಲ, ಕುದುರೆಗೆ ಬೇಡದ್ದು. ಎಡಗಡೆ ಒಪ್ಪಿದ್ದು ಬಲಗಡೆಗೂ ಒಪ್ಪಿಗೆ ಎಂದುಕೊಳ್ಳಬೇಡಿ, ಎಲ್ಲವನ್ನೂ ಮೊದಲಿನಿಂದ ಮಾಡಬೇಕು.

ಕೈಯಿಂದ ಬೆಲ್ಲ ಕೊಟ್ಟದ್ದು ನನ್ನ ತಪ್ಪು. ಮೂರು ದಿನಕ್ಕೆ ಅಂಗಿಯ ಜೇಬು ಕಚ್ಚಲು ಬಂತು. ಆಮೇಲೆ ನೆನೆಸಿದ ಹುರುಳಿಯನ್ನು ಒಂದೊಂದು ಹಿಡಿ, ನೆಲದ ಮೇಲಿನ ಬುಟ್ಟಿಯಲ್ಲಿ ಮಾತ್ರ. ಇಡೀ ದಿನಕ್ಕೆ ಹುರುಳಿ ಒಂದು ಕಿಲೋ ಮೀರದು, ಹೊಟ್ಟೆ ತುಂಬಬೇಕಾದದ್ದು ಹುಲ್ಲಿನಿಂದ, ಒಣಗಿದ ಲೆಕ್ಕದಲ್ಲಿ ಐದಾರು ಕಿಲೋ. ಹಸಿದ ಕುದುರೆಗೆ ಪಾಠ ಹತ್ತುವುದಿಲ್ಲ.

ಕಿವಿಗೆ ಬಂದದ್ದು ಆರನೇ ವಾರದಲ್ಲಿ. ಬೆರಳು ಮಡಚಿ, ಮುಂಗೈಯ ಹಿಂಬದಿಯಿಂದ ಕತ್ತಿನ ಮೇಲೆ ಜಾರಿಸುತ್ತಾ ಕಿವಿಯ ಬುಡ ದಾಟಿ ಅಲ್ಲಿ ನಿಲ್ಲದೆ ವಾಪಸು. ಬೆರಳು ಬಿಚ್ಚಿದ ಕೈ ಅದಕ್ಕೆ ಹಿಡಿಯುವ ಕೈ. ದಿನಕ್ಕೆ ಹತ್ತು ಸಲ, ಹೆಚ್ಚಿಲ್ಲ. ಹತ್ತಿಯ ಹಗ್ಗ ಮೂರು ಮೀಟರ್, ಕೈಗೆ ಎಂದೂ ಸುತ್ತಿಕೊಳ್ಳಬಾರದು. ಜಗ್ಗಿದರೆ ಬೆರಳೇ ಹೋದೀತು. ಈ ಹಂತದಲ್ಲಿ ಸಹಾಯಕ್ಕೆ ಬಂದ ಹುಡುಗ ಅವಸರಕ್ಕೆ ಕಿವಿಯನ್ನೇ ಹಿಡಿದ. ಒಂಬತ್ತು ದಿನ ಹಿಂದಕ್ಕೆ ಹೋಯಿತು. ಅಲ್ಲಿಂದ ಮುಂದೆ, ಕೆಲಸ ಮುಗಿಯುವ ತನಕ ಒಬ್ಬನೇ ಮನುಷ್ಯ ಎಂದು ನಿಯಮ ಮಾಡಿದೆ.

ಕಾಲು ಎತ್ತಿಸುವುದೂ ಇದೇ ಲೆಕ್ಕ: ಒಂದು ಸೆಕೆಂಡು ಎತ್ತಿ, ಅದು ಕಿತ್ತುಕೊಳ್ಳುವ ಮೊದಲೇ ನಾವೇ ಇಳಿಸಬೇಕು. ಗುಡುಗು ಮಿಂಚಿನ ದಿನ ರಜೆ. ರೇನ್‌ಕೋಟಿನ ಸರಬರ ಸದ್ದು ಬೇರೆಯೇ ಪಾಠ. ಅದನ್ನು ತೊಟ್ಟ ನಾನು ಅದರ ಪಾಲಿಗೆ ಹೊಸ ಪ್ರಾಣಿ. ಬೇಲಿಗೆ ಎರಡು ದಿನ ತೂಗುಹಾಕಿದ ಮೇಲೆ ಮೂಸಿ ನೋಡಿ ಸುಮ್ಮನಾಯಿತು.

ಅಕ್ಟೋಬರ್‌ನಲ್ಲಿ ಕಡಲು. ಇಳಿತದ ಹೊತ್ತು, ಬೆಳಿಗ್ಗೆ, ಪಳಗಿದ ಹಳೆಯ ಕುದುರೆಯ ಹಿಂದೆ, ತೆರೆಗೆ ಎದುರಾಗದೆ ಓರೆಯಾಗಿ, ಗಟ್ಟಿ ಒದ್ದೆ ಮರಳಿನ ಮೇಲೆ. ಒಣ ಸಡಿಲ ಮರಳು ಕಾಲಿನ ಸ್ನಾಯುರಜ್ಜುಗಳನ್ನು ದಣಿಸುತ್ತದೆ. ನೊರೆ ಹಿಂದೆ ಸರಿಯುವಾಗ ನೆಲವೇ ಜಾರಿದಂತೆ ಕಂಡು ಬೆಚ್ಚುತ್ತದೆ. ತಲೆ ತಗ್ಗಿಸಿ ಮೂಸಲು ಹಗ್ಗ ಸಡಿಲ ಬಿಡಿ. ಮರಳಿನ ಮೇಲೆ ಮೇವು ಹಾಕಬೇಡಿ, ಮರಳು ಕರುಳಿನಲ್ಲಿ ಕೂತು ಹೊಟ್ಟೆಶೂಲೆ ಬರುತ್ತದೆ. ಐದಾರು ಉಂಡೆ ಲದ್ದಿಯನ್ನು ಪಾರದರ್ಶಕ ಪಾತ್ರೆಯ ನೀರಿನಲ್ಲಿ ಕದಡಿ ಕಾಲು ಗಂಟೆ ಬಿಟ್ಟರೆ ತಳದ ಮರಳು ಕಾಣುತ್ತದೆ.

ಬಲಗಿವಿ ಈಗ ಯಾರು ಮುಟ್ಟಿದರೂ ಸರಿ. ಎಡಗಿವಿಗೆ ಇವತ್ತಿಗೂ ಒಪ್ಪಿಗೆ ಇಲ್ಲ. ಲಗಾಮಿನ ತಲೆಪಟ್ಟಿಗೆ ಎಡಗೆನ್ನೆಯ ಬಳಿ ಬಕಲು ಹೊಲಿಸಿದ್ದೇನೆ, ಕಿವಿಯ ಮೇಲಿಂದ ಎಳೆಯದೆ ಬಿಚ್ಚಿ ಹಾಕಿದರೆ ಆಯಿತು.